ನೀರಿನ ಗುಣ ಮತ್ತು ಅಲಂಕಾರಿಕ ಮೀನಿನ ಬೆಳವಣಿಗೆ: ಹಿತ್ತಲ ಘಟಕಗಳಿಗೆ ಶಿಫಾರಸು ಮಾಡುವ ಮುನ್ನ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಸಾಕಣೆ ಘಟಕಕ್ಕೆ 3 ಲಕ್ಷ ರೂಪಾಯಿಗಳ ಘಟಕ ವೆಚ್ಚವನ್ನು ನಿಗದಿಪಡಿಸಲಾಗಿದೆ. ಇದರಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 40, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಮಹಿಳೆಯರಿಗೆ ಶೇ. 60 ಸಹಾಯಧನವಿದೆ. ಎಂದರೆ ಒಬ್ಬ ಮಹಿಳಾ ಫಲಾನುಭವಿಯು ಘಟಕ ಆರಂಭಿಸಿದಾಗ 1 ಲಕ್ಷ 80 ಸಾವಿರ ರೂಪಾಯಿ ಸರ್ಕಾರದಿಂದ ಬಂದರೆ, ಉಳಿದ 1 ಲಕ್ಷ 20 ಸಾವಿರ ರೂಪಾಯಿ ಆಕೆಯ ಸ್ವಂತದ್ದು. ಗ್ರಾಮೀಣ ಭಾಗದಲ್ಲಿ ಈ ಮೊತ್ತವು ಬಹುತೇಕ ಸ್ವಸಹಾಯ ಸಂಘದ ಸಾಲವಾಗಿರುತ್ತದೆ.

ಇಂತಹ ಅರ್ಜಿಗಳು ಗ್ರಾಮ ಪಂಚಾಯತಿಯ ಮುಂದೆ ಬಂದಾಗ ಜಾಗ ಯಾರ ಹೆಸರಿನಲ್ಲಿದೆ, ವಿದ್ಯುತ್ ಸಂಪರ್ಕ ಇದೆಯೇ, ಬ್ಯಾಂಕಿನ ಒಪ್ಪಿಗೆ ಪತ್ರ ಬಂದಿದೆಯೇ ಎಂಬ ಪ್ರಶ್ನೆಗಳು ತಪ್ಪದೆ ಕೇಳಿಬರುತ್ತವೆ. ನೀರಿನ ಬಗ್ಗೆ ಮಾತ್ರ "ಬೋರ್‌ವೆಲ್ ಇದೆ" ಎಂಬ ಒಂದು ಉತ್ತರಕ್ಕೆ ಚರ್ಚೆ ಮುಗಿಯುತ್ತದೆ. ಎಷ್ಟು ನೀರು ಇದೆ ಎಂಬುದನ್ನಾದರೂ ಕೆಲವೊಮ್ಮೆ ಕೇಳಲಾಗುತ್ತದೆ. ಎಂತಹ ನೀರು ಎಂಬುದನ್ನು ಕೇಳುವುದು ಅಪರೂಪ. ಘಟಕದ ಲಾಭ ನಷ್ಟಗಳು ನಿರ್ಧಾರವಾಗುವುದು ಬಹುಪಾಲು ಈ ಎರಡನೆಯ ಪ್ರಶ್ನೆಯಲ್ಲಿ.

ಹಸುವಿನ ಕೊಟ್ಟಿಗೆಗೂ ಮೀನಿನ ತೊಟ್ಟಿಗೂ ಇರುವ ವ್ಯತ್ಯಾಸವನ್ನು ಮೊದಲು ಮನಗಾಣಬೇಕು. ಕೊಟ್ಟಿಗೆಯಲ್ಲಿ ಸಗಣಿಯನ್ನು ಬಾಚಿ ತಿಪ್ಪೆಗೆ ಹಾಕಬಹುದು. ಹಸು ಉಸಿರಾಡುವ ಗಾಳಿ ಬೇರೆ, ಕುಡಿಯುವ ನೀರು ಬೇರೆ. ಮೀನಿಗೆ ಗಾಳಿ, ನೀರು, ಕೊಟ್ಟಿಗೆ ಎಲ್ಲವೂ ಒಂದೇ. ಅದು ಉಸಿರಾಡುವ ನೀರಿಗೇ ತನ್ನ ತ್ಯಾಜ್ಯವನ್ನು ಬಿಡುತ್ತದೆ. ಆದುದರಿಂದ ಮೀನು ಸಾಕುವವರು ವಾಸ್ತವವಾಗಿ ಸಾಕಬೇಕಾದುದು ನೀರನ್ನು.

ಕಣ್ಣಿಗೆ ಕಾಣದ ಅಮೋನಿಯಾ

ಮೀನು ತಿಂದ ಆಹಾರದಲ್ಲಿನ ಪ್ರೋಟೀನಿನ ಒಂದು ಭಾಗವು ಮಾಂಸವಾಗಿ ಬೆಳೆಯುತ್ತದೆ. ಉಳಿದುದರ ಸಾರಜನಕವು ಮುಖ್ಯವಾಗಿ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ಹೊರಬರುತ್ತದೆ. ಶೇ. 35 ಪ್ರೋಟೀನ್ ಇರುವ 100 ಗ್ರಾಂ ಆಹಾರವನ್ನು ಹಾಕಿದರೆ ಸುಮಾರು 3 ಗ್ರಾಂನಷ್ಟು ಅಮೋನಿಯಾ ಸಾರಜನಕವು ನೀರನ್ನು ಸೇರುತ್ತದೆಂದು ಲೆಕ್ಕ ಹಿಡಿಯುವುದು ವಾಡಿಕೆ. 3 ಮೀಟರ್ ಉದ್ದ, 2 ಮೀಟರ್ ಅಗಲದ ಸಿಮೆಂಟ್ ತೊಟ್ಟಿಯಲ್ಲಿ 60 ಸೆಂಟಿಮೀಟರ್ ನೀರು ನಿಲ್ಲಿಸಿದರೆ ಅದರಲ್ಲಿ 3,600 ಲೀಟರ್ ಹಿಡಿಯುತ್ತದೆ. ಅದಕ್ಕೆ ದಿನಕ್ಕೆ 100 ಗ್ರಾಂ ಆಹಾರ ಹಾಕಿದರೆ ಪ್ರತಿ ಲೀಟರಿಗೆ ದಿನವೊಂದಕ್ಕೆ ಸುಮಾರು 0.9 ಮಿಲಿಗ್ರಾಂ ಅಮೋನಿಯಾ ಕೂಡುತ್ತದೆ. ನೀರು ಸ್ಫಟಿಕದಂತೆ ತಿಳಿಯಾಗಿಯೇ ಇರುತ್ತದೆ, ವಾಸನೆಯೂ ಬರುವುದಿಲ್ಲ. "ನೀರು ಚೆನ್ನಾಗಿದೆ" ಎಂದು ಕಣ್ಣಳತೆಯಲ್ಲಿ ಹೇಳುವವರು ಮೋಸ ಹೋಗುವುದು ಇಲ್ಲಿಯೇ.

ಈ ಅಮೋನಿಯಾ ಎಷ್ಟು ವಿಷಕಾರಿ ಎಂಬುದು ಅದರ ಪ್ರಮಾಣವೊಂದರಿಂದಲೇ ತಿಳಿಯುವುದಿಲ್ಲ. ನೀರಿನಲ್ಲಿ ಅದು ಎರಡು ರೂಪಗಳಲ್ಲಿರುತ್ತದೆ. ಒಂದು ರೂಪವು ಹೆಚ್ಚು ಅಪಾಯಕಾರಿಯಲ್ಲ. ಇನ್ನೊಂದು ರೂಪವು ಕಿವಿರುಗಳನ್ನು ಸುಡುತ್ತದೆ. ಯಾವ ರೂಪ ಎಷ್ಟು ಎಂಬುದನ್ನು ನಿರ್ಧರಿಸುವುದು ನೀರಿನ ರಸಸಾರ, ಅಂದರೆ ಪಿ.ಹೆಚ್. ಮೌಲ್ಯ ಮತ್ತು ಉಷ್ಣಾಂಶ. 25 ಡಿಗ್ರಿ ಉಷ್ಣಾಂಶದಲ್ಲಿ ಪಿ.ಹೆಚ್. 7 ಇದ್ದರೆ ವಿಷರೂಪದ ಪಾಲು ಒಟ್ಟು ಅಮೋನಿಯಾದ ಶೇ. 0.6ರಷ್ಟು ಮಾತ್ರ. ಪಿ.ಹೆಚ್. 8 ಆದರೆ ಅದು ಶೇ. 5ನ್ನು ದಾಟುತ್ತದೆ, 8.5ರಲ್ಲಿ ಶೇ. 15 ಆಗುತ್ತದೆ, 9ರಲ್ಲಿ ಮೂರನೆಯ ಒಂದು ಭಾಗವನ್ನು ಮೀರುತ್ತದೆ. ಹೀಗಾಗಿ ಮೇಲೆ ಹೇಳಿದ ತೊಟ್ಟಿಯ ಅದೇ 0.9 ಮಿಲಿಗ್ರಾಂ ಅಮೋನಿಯಾವು ತಟಸ್ಥ ನೀರಿನಲ್ಲಿ ಗಮನಕ್ಕೇ ಬಾರದೆ ಹೋಗಬಹುದು. ಬಯಲುಸೀಮೆಯ ಕ್ಷಾರಯುಕ್ತ ಕೊಳವೆಬಾವಿ ನೀರಿನಲ್ಲಿ ಮೀನನ್ನು ಕಾಯಿಲೆಗೆ ದೂಡಬಹುದು. ವಿಷರೂಪದ ಅಮೋನಿಯಾ ಲೀಟರಿಗೆ 0.05 ಮಿಲಿಗ್ರಾಂ ಮುಟ್ಟುವಷ್ಟರಲ್ಲಿಯೇ ಅನೇಕ ಜಾತಿಯ ಮೀನುಗಳ ಹಸಿವು ಕುಗ್ಗುತ್ತದೆ, ಬೆಳವಣಿಗೆ ನಿಧಾನವಾಗುತ್ತದೆ. ಮೀನು ಸಾಯುವುದಿಲ್ಲವಾದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಮೂರು ನಾಲ್ಕು ತಿಂಗಳಲ್ಲಿ ಮಾರಾಟಕ್ಕೆ ಬರಬೇಕಾದ ಗಪ್ಪಿ ಐದಾರು ತಿಂಗಳಾದರೂ ಬಣ್ಣವೇರದೆ, ಬಾಲ ಹರಡದೆ ಉಳಿದಾಗ ದೋಷವನ್ನು ಮರಿಯ ತಳಿಯ ಮೇಲೆಯೋ ಆಹಾರದ ಕಂಪನಿಯ ಮೇಲೆಯೋ ಹೊರಿಸಲಾಗುತ್ತದೆ.

ಪ್ರಕೃತಿಯೇ ಇದಕ್ಕೆ ಒಂದು ಪರಿಹಾರವನ್ನು ಇಟ್ಟಿದೆ. ತೊಟ್ಟಿಯ ಗೋಡೆ, ಜಲ್ಲಿ, ಸ್ಪಂಜು ಮುಂತಾದವುಗಳ ಮೇಲೆ ಬೆಳೆಯುವ ಒಂದು ಬಗೆಯ ಸೂಕ್ಷ್ಮಾಣುಗಳು ಅಮೋನಿಯಾವನ್ನು ನೈಟ್ರೈಟ್ ಆಗಿ, ಮತ್ತೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ನೈಟ್ರೈಟ್ ಕೂಡ ವಿಷವೇ; ಅದು ಮೀನಿನ ರಕ್ತವು ಆಮ್ಲಜನಕ ಹೊರುವ ಶಕ್ತಿಯನ್ನು ಕುಂದಿಸುತ್ತದೆ, ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ. ನೀರು ಬದಲಾಯಿಸಿದರೆ ಹೊರಹೋಗುತ್ತದೆ. ಆದರೆ ಈ ಸೂಕ್ಷ್ಮಾಣುಗಳ ಸಂಸಾರವು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು. ಸಹಾಯಧನದ ಛಾಯಾಚಿತ್ರ ಮತ್ತು ಪರಿಶೀಲನೆಯ ಆತುರದಲ್ಲಿ ತೊಟ್ಟಿ ಕಟ್ಟಿದ ವಾರದೊಳಗೆ ಸಾವಿರಾರು ಮರಿಗಳನ್ನು ಒಮ್ಮೆಗೇ ಬಿಡುವ ಪದ್ಧತಿಯು ಈ ದೃಷ್ಟಿಯಿಂದ ಅತ್ಯಂತ ಹಾನಿಕರ. ಕೆಲವೇ ಮೀನುಗಳಿಂದ ಆರಂಭಿಸಿ, ಹಳೆಯ ಘಟಕದಿಂದ ತಂದ ಒಂದು ಸ್ಪಂಜನ್ನು ಹೊಸ ತೊಟ್ಟಿಯಲ್ಲಿಟ್ಟು, ವಾರವಾರಕ್ಕೆ ಸಂಖ್ಯೆ ಏರಿಸಿದರೆ ನಷ್ಟ ತಪ್ಪುತ್ತದೆ. ಸ್ಪಂಜು ತರುವಾಗ ಆ ಘಟಕದಲ್ಲಿ ರೋಗವಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕೆಂಬುದು ಬೇರೆ ಮಾತು. ಸ್ಪಂಜನ್ನು ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆದರೆ ಸೂಕ್ಷ್ಮಾಣುಗಳು ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದನ್ನು ಹಿಂಡಬೇಕು.

ಹೊಸ ಸಿಮೆಂಟ್ ತೊಟ್ಟಿಗೆ ಇನ್ನೊಂದು ದೋಷವಿದೆ. ಸಿಮೆಂಟಿನಿಂದ ಸುಣ್ಣದ ಅಂಶ ಬಿಟ್ಟುಕೊಂಡು ನೀರಿನ ಪಿ.ಹೆಚ್. 10ನ್ನೂ ಮೀರಬಹುದು. ತೊಟ್ಟಿಯನ್ನು ತುಂಬಿಸಿ, ಕೆಲವು ದಿನ ಬಿಟ್ಟು, ಖಾಲಿ ಮಾಡಿ, ಹೀಗೆ ಮೂರು ನಾಲ್ಕು ಬಾರಿ ಮಾಡಿದ ಮೇಲೆ ಪಿ.ಹೆಚ್. ಪರೀಕ್ಷಿಸಿಯೇ ಮೀನು ಬಿಡಬೇಕು.

ಗಡಸು ನೀರು, ಮೃದು ನೀರು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದಂತಹ ಬಯಲುಸೀಮೆಯ ಜಿಲ್ಲೆಗಳ ಆಳವಾದ ಕೊಳವೆಬಾವಿಗಳ ನೀರು ಬಹುತೇಕ ಗಡಸು. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು, ಬೇಳೆ ಬೇಗ ಬೇಯದಿರುವುದನ್ನು ಮನೆಯ ಹೆಂಗಸರೆಲ್ಲರೂ ಬಲ್ಲರು. ಮಲೆನಾಡಿನ ಬಾವಿ ಮತ್ತು ಒರತೆಯ ನೀರು ಸಾಮಾನ್ಯವಾಗಿ ಇದಕ್ಕೆ ವಿರುದ್ಧ: ಮೃದು, ತುಸು ಆಮ್ಲೀಯ. ಎರಡೂ ಮೀನಿಗೆ ಕೆಟ್ಟ ನೀರಲ್ಲ. ಯಾವ ನೀರಿಗೆ ಯಾವ ಮೀನು ಎಂಬುದನ್ನು ತಿಳಿಯದಿರುವುದೇ ಕೆಟ್ಟದ್ದು.

ಗಪ್ಪಿ, ಮೋಲಿ, ಪ್ಲ್ಯಾಟಿ, ಸ್ವೋರ್ಡ್‌ಟೇಲ್ ಇವು ಮೊಟ್ಟೆ ಇಡದೆ ಮರಿ ಹಾಕುವ ಮೀನುಗಳು. ಪಿ.ಹೆಚ್. 7ರಿಂದ 8.2, ಗಡಸುತನ ಲೀಟರಿಗೆ 150ರಿಂದ 300 ಮಿಲಿಗ್ರಾಂ ಇರುವ ನೀರಿನಲ್ಲಿ ಅವು ಹುಲುಸಾಗಿ ಬೆಳೆಯುತ್ತವೆ. ಮೋಲಿಯಂತೂ ಉಪ್ಪಿನ ಅಂಶವನ್ನೂ ತಡೆದುಕೊಳ್ಳುತ್ತದೆ. ಬಯಲುಸೀಮೆಯ ಹೊಸ ಸಾಕಣೆದಾರರಿಗೆ ಇವೇ ಯೋಗ್ಯ. ಗೋಲ್ಡ್‌ಫಿಶ್ ಮತ್ತು ಕೋಯಿ ಮೀನುಗಳು ಮಧ್ಯಮ ಗಡಸುತನಕ್ಕೆ ಹೊಂದಿಕೊಳ್ಳುತ್ತವೆ. ಅಮೆಜಾನ್ ಪ್ರದೇಶದ ಮೃದು ನೀರಿನಿಂದ ಬಂದ ನಿಯಾನ್ ಟೆಟ್ರಾ, ಡಿಸ್ಕಸ್ ಮುಂತಾದವು ಗಡಸು ನೀರಿನಲ್ಲಿ ಬದುಕಿಕೊಂಡರೂ ಅವುಗಳ ಮೊಟ್ಟೆ ಒಡೆಯುವುದು ಕಷ್ಟ. ಡಿಸ್ಕಸ್ ಜೋಡಿಗೆ ಒಳ್ಳೆಯ ಬೆಲೆ ಇದೆಯೆಂಬ ಮಾತನ್ನು ಕೇಳಿ 500 ಮಿಲಿಗ್ರಾಂ ಗಡಸುತನದ ನೀರಿನಲ್ಲಿ ಅದರ ಸಂತಾನೋತ್ಪತ್ತಿಗೆ ಕೈಹಾಕುವುದು, ಕಪ್ಪು ಎರೆ ಭೂಮಿಯಲ್ಲಿ ಅಡಕೆ ತೋಟ ಮಾಡಲು ಹೊರಟಂತೆ.

ನೀರನ್ನು ಹದಗೊಳಿಸುವ ದಾರಿಯೂ ಇದೆ. ಅನೇಕ ಗ್ರಾಮಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಆ ನೀರಿನ ಗಡಸುತನ 20 ಮಿಲಿಗ್ರಾಂ ಇದ್ದು ಕೊಳವೆಬಾವಿಯದು 500 ಇದ್ದರೆ, ಒಂದು ಪಾಲು ಕೊಳವೆಬಾವಿ ನೀರಿಗೆ ಮೂರು ಪಾಲು ಶುದ್ಧೀಕರಿಸಿದ ನೀರನ್ನು ಬೆರೆಸಿದಾಗ 140 ಮಿಲಿಗ್ರಾಂ ಗಡಸುತನದ ನೀರು ದೊರೆಯುತ್ತದೆ. ಮೊಟ್ಟೆ ಇಡಿಸುವ ಸಣ್ಣ ಗಾಜಿನ ತೊಟ್ಟಿಗಳಿಗೆ ಇದು ಸಾಧ್ಯ. ಬೆಳೆಸುವ ದೊಡ್ಡ ತೊಟ್ಟಿಗಳಿಗೆ ಇದು ದುಬಾರಿ ಮಾತ್ರವಲ್ಲ, ಕುಡಿಯುವ ನೀರಿನ ದುರ್ಬಳಕೆಯೂ ಹೌದು. ಬರಿಯ ಶುದ್ಧೀಕರಿಸಿದ ನೀರಿನಲ್ಲಿ ಮೀನು ಬಿಡುವುದು ಇನ್ನೊಂದು ತಪ್ಪು. ಅದರಲ್ಲಿ ಲವಣಗಳು ತೀರ ಕಡಿಮೆ ಇರುವುದರಿಂದ ಪಿ.ಹೆಚ್. ನೆಲೆ ನಿಲ್ಲುವುದಿಲ್ಲ.

ಮಲೆನಾಡಿನವರ ತೊಂದರೆ ಇದಕ್ಕೆ ಹತ್ತಿರದ್ದು. ಅಮೋನಿಯಾವನ್ನು ನೈಟ್ರೇಟ್ ಮಾಡುವ ಸೂಕ್ಷ್ಮಾಣುಗಳು ಪ್ರತಿ 1 ಮಿಲಿಗ್ರಾಂ ಸಾರಜನಕಕ್ಕೆ ಸುಮಾರು 7 ಮಿಲಿಗ್ರಾಂ ಕ್ಷಾರತೆಯನ್ನು ಖರ್ಚು ಮಾಡುತ್ತವೆ. ಬಾವಿಯ ನೀರಿನ ಕ್ಷಾರತೆ 40 ಮಿಲಿಗ್ರಾಂ ಇದ್ದರೆ, ಮೇಲಿನ ಉದಾಹರಣೆಯ ತೊಟ್ಟಿಯಲ್ಲಿ ಅದು ವಾರದೊಳಗೆ ಬರಿದಾಗುತ್ತದೆ, ಪಿ.ಹೆಚ್. ಒಮ್ಮೆಗೇ ಕುಸಿಯುತ್ತದೆ, ಸೂಕ್ಷ್ಮಾಣುಗಳ ಕೆಲಸ ನಿಲ್ಲುತ್ತದೆ, ಅಮೋನಿಯಾ ಶೇಖರವಾಗುತ್ತದೆ. ಆಮ್ಲೀಯ ನೀರಿನಲ್ಲಿ ಆ ಅಮೋನಿಯಾ ಹೆಚ್ಚು ಕೇಡು ಮಾಡದೆ ಸುಮ್ಮನಿರುತ್ತದೆ. ಆಗ ಯಾರೋ ಹೇಳಿದರೆಂದು ಒಂದು ಹಿಡಿ ಸುಣ್ಣ ಹಾಕಿದರೆ ಪಿ.ಹೆಚ್. ಏರಿ, ಸುಮ್ಮನಿದ್ದ ಅಮೋನಿಯಾವೆಲ್ಲ ವಿಷರೂಪಕ್ಕೆ ತಿರುಗಿ, ಬೆಳಗಾಗುವುದರೊಳಗೆ ತೊಟ್ಟಿ ಖಾಲಿಯಾಗುತ್ತದೆ. ಸುಣ್ಣದ ಬದಲು ಸುಣ್ಣಕಲ್ಲಿನ ಜಲ್ಲಿ ಅಥವಾ ತೊಳೆದ ಚಿಪ್ಪುಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಮೊದಲಿನಿಂದಲೇ ತೊಟ್ಟಿಯಲ್ಲಿ ಇಳಿಬಿಡುವುದು ಸುರಕ್ಷಿತ. ಅವು ನಿಧಾನವಾಗಿ ಕರಗುತ್ತ ಕ್ಷಾರತೆಯನ್ನು ಕಾಯುತ್ತವೆ.

ಗ್ರಾಮ ಪಂಚಾಯತಿಯ ನಲ್ಲಿ ನೀರು

ಮನುಷ್ಯರಿಗೆ ಸುರಕ್ಷಿತವಾದ ನೀರು ಮೀನಿಗೆ ಸುರಕ್ಷಿತವಾಗಿರಲೇಬೇಕೆಂದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದಂತೆ ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಅದೇ 0.2 ಮಿಲಿಗ್ರಾಂ ಕ್ಲೋರಿನ್ ಮೀನಿನ ಕಿವಿರಿನ ತೆಳುಪೊರೆಯನ್ನು ಘಾಸಿಗೊಳಿಸಲು, ಮರಿಗಳನ್ನು ಕೊಲ್ಲಲು ಸಾಕು. ವಾಂತಿಭೇದಿ ಪ್ರಕರಣಗಳು ಕಂಡುಬಂದಾಗ ನೀರುಗಂಟಿಯು ಓವರ್‌ಹೆಡ್ ಟ್ಯಾಂಕಿಗೆ ಹೆಚ್ಚು ಬ್ಲೀಚಿಂಗ್ ಪೌಡರ್ ಹಾಕುತ್ತಾನೆ. ಅದು ಆತನ ಕರ್ತವ್ಯ. ಅಂದು ಬೆಳಿಗ್ಗೆ ಆ ನೀರನ್ನು ನೇರವಾಗಿ ತೊಟ್ಟಿಗೆ ಬಿಟ್ಟ ಫಲಾನುಭವಿಯ ಮೀನುಗಳು ಸಂಜೆಯೊಳಗೆ ಸತ್ತರೆ, ನೀರುಗಂಟಿಯ ಮೇಲೆ ದೂರು ಬರುತ್ತದೆ. ಗ್ರಾಮದಲ್ಲಿ ಇಂತಹ ಘಟಕಗಳಿದ್ದಲ್ಲಿ, ಕ್ಲೋರಿನ್ ಪ್ರಮಾಣ ಹೆಚ್ಚಿಸುವ ದಿನ ಅವರಿಗೆ ಒಂದು ದೂರವಾಣಿ ಕರೆ ಮಾಡುವ ವ್ಯವಸ್ಥೆಯನ್ನು ಪಂಚಾಯತಿಯು ಮಾಡಿಕೊಳ್ಳಬಹುದು. ಕ್ಲೋರಿನ್ ಹಾಕುವುದನ್ನೇ ಕಡಿಮೆ ಮಾಡಬೇಕೆಂಬ ಬೇಡಿಕೆಯನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪತಕ್ಕದ್ದಲ್ಲ.

ಸಾಕಣೆದಾರರು ಮಾಡಬೇಕಾದುದು ಸುಲಭ. ನಲ್ಲಿ ನೀರನ್ನು ತೆರೆದ ತೊಟ್ಟಿಯಲ್ಲಿ ಸಂಗ್ರಹಿಸಿ, ಗಾಳಿ ಪಂಪು ಹಾಕಿ 24 ಗಂಟೆ ಬಿಟ್ಟರೆ ಕ್ಲೋರಿನ್ ಬಹುಪಾಲು ಹಾರಿಹೋಗುತ್ತದೆ. ಆತುರವಿದ್ದಲ್ಲಿ ಸೋಡಿಯಂ ಥಯೋಸಲ್ಫೇಟ್ ಬಳಸಬಹುದು. ಹಿಂದೆ ಫೋಟೋ ಸ್ಟುಡಿಯೋಗಳಲ್ಲಿ 'ಹೈಪೋ' ಎಂದು ಕರೆಯುತ್ತಿದ್ದ ಹರಳು ಇದೇ. ಉಳಿಕೆ ಕ್ಲೋರಿನ್ 0.5 ಮಿಲಿಗ್ರಾಂ ಇರುವ 1,000 ಲೀಟರ್ ನೀರಿಗೆ ಸುಮಾರು 4 ಗ್ರಾಂ ಸಾಕು. ಕೊಳವೆಬಾವಿಯಿಂದ ಆಗತಾನೇ ಎತ್ತಿದ ನೀರಿನಲ್ಲಿ ಕ್ಲೋರಿನ್ ಇಲ್ಲದಿದ್ದರೂ ಕರಗಿದ ಆಮ್ಲಜನಕ ಕಡಿಮೆ, ಇಂಗಾಲದ ಡೈ ಆಕ್ಸೈಡ್ ಹೆಚ್ಚು ಇರುತ್ತದೆ. ಅದನ್ನೂ ಒಂದು ದಿನ ಗಾಳಿಯಾಡಲು ಬಿಡುವುದು ಉತ್ತಮ.

ಉಷ್ಣಾಂಶ ಮತ್ತು ಆಮ್ಲಜನಕ

ಮೀನು ಶೀತರಕ್ತದ ಪ್ರಾಣಿ. ನೀರು ಬೆಚ್ಚಗಾದಂತೆ ಅದರ ಹಸಿವೂ ಬೆಳವಣಿಗೆಯೂ ಒಂದು ಮಿತಿಯವರೆಗೆ ಹೆಚ್ಚುತ್ತವೆ. ಗಪ್ಪಿ, ಮೋಲಿ ಜಾತಿಗಳಿಗೆ 24ರಿಂದ 28 ಡಿಗ್ರಿ ಹಿತ. ಗೋಲ್ಡ್‌ಫಿಶ್ ಇನ್ನೂ ತಂಪನ್ನು ಬಯಸುತ್ತದೆ. ಆದರೆ ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆಯಾಗುತ್ತದೆ: ಸಮುದ್ರಮಟ್ಟದಲ್ಲಿ 20 ಡಿಗ್ರಿಯ ನೀರು ಲೀಟರಿಗೆ 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯ ನೀರು 7.5 ಮಾತ್ರ. ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿ ಇದರಲ್ಲಿಯೂ ಹತ್ತನೆಯ ಒಂದು ಭಾಗ ಕಡಿಮೆ. ಬೇಡಿಕೆ ಹೆಚ್ಚಿದಾಗಲೇ ಪೂರೈಕೆ ತಗ್ಗುವ ಈ ಸ್ಥಿತಿಯು ಬೇಸಿಗೆಯಲ್ಲಿ ಕುಡಿಯುವ ನೀರು ನಿಭಾಯಿಸಿದ ಸದಸ್ಯರಿಗೆ ಅಪರಿಚಿತವೇನಲ್ಲ.

ಹಸಿರುಗಟ್ಟಿದ ತೊಟ್ಟಿಗಳಲ್ಲಿ ಇದು ಇನ್ನಷ್ಟು ತೀವ್ರ. ಪಾಚಿಯು ಹಗಲಿನಲ್ಲಿ ಆಮ್ಲಜನಕ ನೀಡುತ್ತದೆ, ಇರುಳಿನಲ್ಲಿ ತಾನೇ ಬಳಸುತ್ತದೆ. ಆದ್ದರಿಂದ ಆಮ್ಲಜನಕ ಅತಿ ಕಡಿಮೆ ಇರುವುದು ಸೂರ್ಯೋದಯಕ್ಕೆ ಮುಂಚೆ. ಆ ಹೊತ್ತಿನಲ್ಲಿ ಮೀನುಗಳೆಲ್ಲ ಮೇಲೆ ಬಂದು ಬಾಯಿ ಆಡಿಸುತ್ತಿದ್ದರೆ ಅದು ಹಸಿವಲ್ಲ, ಉಸಿರುಗಟ್ಟುವಿಕೆ. ಆಹಾರ ಹಾಕಿದರೆ ಕೆಡುಕು ಹೆಚ್ಚುತ್ತದೆ. ಪರಿಶೀಲನೆಗೆ ಹೋಗುವವರು ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ ಎಲ್ಲವೂ ಸರಿಯಿದೆಯೆಂದು ಬರೆಯುವುದಕ್ಕಿಂತ ಒಮ್ಮೆ ಬೆಳಗಿನ ಜಾವ ನೋಡಿದರೆ ನಿಜಸ್ಥಿತಿ ತಿಳಿಯುತ್ತದೆ. ರಾತ್ರಿ ವಿದ್ಯುತ್ ಕಡಿತವಾಗುವ ಗ್ರಾಮಗಳಲ್ಲಿ ಗಾಳಿ ಪಂಪಿಗೆ ಬ್ಯಾಟರಿ ಇಲ್ಲದ ಘಟಕವನ್ನು ಅಪೂರ್ಣವೆಂದೇ ಭಾವಿಸಬೇಕು.

ಶೇ. 50ರ ನೆರಳು ಬಲೆಯು ಬೇಸಿಗೆಯ ಬಿಸಿಯನ್ನೂ ಪಾಚಿಯನ್ನೂ ಒಟ್ಟಿಗೇ ತಗ್ಗಿಸುತ್ತದೆ. ಚಳಿಗಾಲದಲ್ಲಿ ಹಗಲು ಇರುಳುಗಳ ಉಷ್ಣಾಂಶದ ಏರಿಳಿತದಿಂದ ಬಿಳಿಚುಕ್ಕೆ ರೋಗ ಕಾಣಿಸಿಕೊಳ್ಳುತ್ತದೆ. ಆಳವಾದ ತೊಟ್ಟಿಯಲ್ಲಿ ಈ ಏರಿಳಿತ ಕಡಿಮೆ.

'ತೊಟ್ಟಿ ಎಷ್ಟೋ ಮೀನು ಅಷ್ಟೇ' ಎಂಬ ನಂಬಿಕೆ

ಸಣ್ಣ ತೊಟ್ಟಿಯಲ್ಲಿ ಮೀನು ತಾನಾಗಿಯೇ ಸಣ್ಣದಾಗಿ ಉಳಿಯುತ್ತದೆ, ಅದು ಅದರ ಸ್ವಭಾವ ಎಂಬ ಮಾತು ಪ್ರಚಲಿತದಲ್ಲಿದೆ. ಇದು ಸರಿಯಲ್ಲ. ಸಣ್ಣ ತೊಟ್ಟಿಯಲ್ಲಿ ತ್ಯಾಜ್ಯ ಬೇಗ ಶೇಖರವಾಗುತ್ತದೆ, ಬಲಿಷ್ಠ ಮೀನುಗಳು ಉಳಿದವನ್ನು ಆಹಾರದಿಂದ ದೂರವಿಡುತ್ತವೆ. ಹೀಗೆ ಕುಂಠಿತವಾದ ಮೀನು ಆರೋಗ್ಯವಂತ ಕುಬ್ಜವಲ್ಲ, ರೋಗಗ್ರಸ್ತ. ಎಳೆಯ ವಯಸ್ಸಿನಲ್ಲಿ ಕುಂಠಿತವಾದುದು ಮುಂದೆ ದೊಡ್ಡ ತೊಟ್ಟಿಗೆ ಹಾಕಿದರೂ ಪೂರ್ಣವಾಗಿ ಚೇತರಿಸಿಕೊಳ್ಳುವುದು ಕಡಿಮೆ. ಒಂದೇ ವಯಸ್ಸಿನ ಮರಿಗಳನ್ನು ಗಾತ್ರಕ್ಕನುಗುಣವಾಗಿ ಬೇರ್ಪಡಿಸಿ, ವಾರಕ್ಕೆ ಕಾಲುಭಾಗ ನೀರನ್ನು ತಳದಿಂದ ಪೈಪಿನ ಮೂಲಕ ಹೀರಿ ತೆಗೆದು ಹೊಸ ನೀರು ತುಂಬುವುದರಿಂದ ಆಗುವ ಪ್ರಯೋಜನವು ದುಬಾರಿ ಆಹಾರದಿಂದಲೂ ಆಗುವುದಿಲ್ಲ. ಪೂರ್ತಿ ನೀರನ್ನು ಒಮ್ಮೆಗೇ ಬದಲಾಯಿಸುವುದು ಮಾತ್ರ ಮೀನಿಗೆ ಆಘಾತ.

ಪಂಚಾಯತಿಯ ಮುಂದಿರುವ ಲೆಕ್ಕ

ನೀರಿನ ಪರೀಕ್ಷೆಗೆ ದೂರ ಹೋಗಬೇಕಿಲ್ಲ. ಜಲ ಜೀವನ್ ಮಿಷನ್ ಅಡಿಯಲ್ಲಿ ಗ್ರಾಮಗಳಿಗೆ ಒದಗಿಸಿರುವ ಕ್ಷೇತ್ರ ಪರೀಕ್ಷಾ ಕಿಟ್‌ನಲ್ಲಿ ಪಿ.ಹೆಚ್., ಗಡಸುತನ, ಕ್ಷಾರತೆ, ನೈಟ್ರೇಟ್, ಉಳಿಕೆ ಕ್ಲೋರಿನ್ ಇವುಗಳನ್ನು ಅಳೆಯಬಹುದು. ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ಇದರ ತರಬೇತಿ ನೀಡುವ ವ್ಯವಸ್ಥೆಯೂ ಇದೆ. ಅರ್ಜಿದಾರರ ಜಲಮೂಲವನ್ನು ಇವರಿಂದಲೇ ಪರೀಕ್ಷಿಸಿ, ಫಲಿತಾಂಶವನ್ನು ಅರ್ಜಿಯೊಂದಿಗೆ ಲಗತ್ತಿಸಿ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಛೇರಿಗೆ ಕಳುಹಿಸಿದರೆ, ಯಾವ ಜಾತಿಯ ಮೀನು ಸೂಕ್ತವೆಂಬ ಸಲಹೆಯನ್ನು ಅವರು ಕೊಡಲು ಅನುಕೂಲ. ಎಲ್ಲ ಕಿಟ್‌ಗಳಲ್ಲಿ ಅಮೋನಿಯಾ ಪರೀಕ್ಷೆ ಇರುವುದಿಲ್ಲ. ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುವ ಅಮೋನಿಯಾ ಕಿಟ್ ಒಂದನ್ನು ಸಾಕಣೆದಾರರು ಇಟ್ಟುಕೊಳ್ಳಬೇಕು.

ಪ್ರಮಾಣದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಮೇಲಿನ ಅಳತೆಯ 10 ತೊಟ್ಟಿಗಳಿದ್ದರೆ ಒಟ್ಟು 36,000 ಲೀಟರ್. ವಾರಕ್ಕೆ ಕಾಲುಭಾಗವೆಂದರೆ 9,000 ಲೀಟರ್. ದಿನಕ್ಕೆ ಸುಮಾರು 1,300 ಲೀಟರ್. ತಲಾ 55 ಲೀಟರಿನಂತೆ ಇದು 23 ಜನರ ದಿನದ ನೀರು. ಸ್ವಂತ ಕೊಳವೆಬಾವಿ ಇದ್ದವರಿಗೆ ಇದು ದೊಡ್ಡ ಪ್ರಮಾಣವಲ್ಲ. ಕುಡಿಯುವ ನೀರಿನ ಸಂಪರ್ಕದಿಂದ ಇದನ್ನು ಪಡೆಯಲು ಅವಕಾಶ ಕೊಟ್ಟರೆ ಏಪ್ರಿಲ್ ಮೇ ತಿಂಗಳಲ್ಲಿ ಅದೇ ಬೀದಿಯ ಮನೆಗಳಿಗೆ ಟ್ಯಾಂಕರ್ ಕಳುಹಿಸಬೇಕಾದೀತು. ಆಗ ಸಂಪರ್ಕ ಕಡಿತಗೊಳಿಸಿದರೆ ಸಾಲ ಮಾಡಿ ಘಟಕ ಕಟ್ಟಿದವರ ಮೀನು ಉಳಿಯುವುದಿಲ್ಲ. ಈ ಎರಡು ಸಂಕಟಗಳ ನಡುವೆ ಸಿಲುಕುವ ಮುನ್ನ, ಬೇಸಿಗೆಯ ಮೂರು ತಿಂಗಳಿಗೆ ಜಲಮೂಲ ಯಾವುದೆಂಬುದನ್ನು ಶಿಫಾರಸಿನ ನಿರ್ಣಯದಲ್ಲಿಯೇ ದಾಖಲಿಸುವುದು ಸೂಕ್ತ. ಮಳೆನೀರು ಮೃದುವಾದುದರಿಂದ, ಛಾವಣಿ ನೀರಿನ ಸಂಗ್ರಹ ತೊಟ್ಟಿಯುಳ್ಳ ಅರ್ಜಿದಾರರಿಗೆ ಗಡಸು ನೀರಿನ ತೊಂದರೆಗೂ ಅದು ನೆರವಾಗುತ್ತದೆ.

ತೊಟ್ಟಿಯಿಂದ ಹೊರಹೋಗುವ ನೀರಿನಲ್ಲಿ ನೈಟ್ರೇಟ್ ಮತ್ತು ಮೀನಿನ ಹಿಕ್ಕೆ ಇರುವುದರಿಂದ ತೆಂಗು, ಬಾಳೆ, ಸೊಪ್ಪಿನ ಮಡಿಗಳಿಗೆ ಅದು ಒಳ್ಳೆಯ ಗೊಬ್ಬರ. ಚರಂಡಿಯ ಮೂಲಕ ಕೆರೆಗೆ ಬಿಡಲು ಮಾತ್ರ ಅವಕಾಶ ಕೊಡಬಾರದು. ಗಾಜಿನ ತೊಟ್ಟಿಯ ಪಾಚಿ ತಿನ್ನಲೆಂದು ಮಾರುವ ದಕ್ಷಿಣ ಅಮೆರಿಕ ಮೂಲದ ಸಕ್ಕರ್ ಮೀನು ಹೀಗೆಯೇ ತಪ್ಪಿಸಿಕೊಂಡು, ಸಾಕಲಾಗದವರು ತಂದು ಬಿಟ್ಟು, ರಾಜ್ಯದ ಕೆರೆಗಳಲ್ಲಿ ನೆಲೆಯೂರಿದೆ. ಅದರ ಗಟ್ಟಿ ಮುಳ್ಳುಗಳು ಮೀನುಗಾರರ ಬಲೆಯನ್ನು ಹರಿಯುತ್ತವೆ, ದಂಡೆಯಲ್ಲಿ ಬಿಲ ತೋಡುತ್ತದೆ, ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯಿಲ್ಲ. ಕೆರೆಯ ಮೀನು ಹರಾಜಿನಿಂದ ಆದಾಯ ಪಡೆಯುವ ಪಂಚಾಯತಿಗಳು ಘಟಕದ ಹೊರಹರಿವಿನ ಕೊಳವೆಗೆ ಸಣ್ಣ ಕಣ್ಣಿನ ಜಾಲರಿ ಮತ್ತು ಅದರ ಮುಂದೆ ಒಂದು ಇಂಗುಗುಂಡಿ ಇರಬೇಕೆಂಬ ಷರತ್ತನ್ನು ವಿಧಿಸಬಹುದು. ಗಪ್ಪಿ ಮರಿಯು ಹುಟ್ಟುವಾಗ ಒಂದು ಸೆಂಟಿಮೀಟರಿಗಿಂತಲೂ ಚಿಕ್ಕದಿರುವುದರಿಂದ ಸೊಳ್ಳೆ ಪರದೆಯಷ್ಟು ಸಣ್ಣ ಕಣ್ಣಿನ ಜಾಲರಿಯೇ ಬೇಕಾಗುತ್ತದೆ.